ಕಸ್ತೂರಿ ಟೀಚರ ಹೊಸ ರೆಪ್ಪೆ

ಕಸ್ತೂರಿ ಅಣ್ಣಿಗೇರಿಯ ದನಿಗೆ ಮೈಕು ಬೇಕಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾಲೊನಿಗೆ ಹೊಂದಿಕೊಂಡ ಹೈಸ್ಕೂಲಿನಲ್ಲಿ ಅವಳು ಪಿ.ಟಿ. ಟೀಚರು. ಮೈದಾನದ ಈ ತುದಿಯಲ್ಲಿ ನಿಂತು "ಏ ಲಾಸ್ಟ್ ಲೈನ್, ನೆಟ್ಟಗ ನಿಂದರ್ರಿ!" ಎಂದು ಕೂಗಿದರೆ, ಆ ತುದಿಯ ಬೇವಿನ ಗಿಡದ ಕೆಳಗೆ ಪೇಪರ್ ಓದುತ್ತ ಕೂತ ಮುದುಕರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ತಾಲ್ಲೂಕಿನಲ್ಲಿ ಖೋ ಖೋ ಇರಲಿ, ಕಬಡ್ಡಿ ಇರಲಿ, ಕಾಮೆಂಟ್ರಿ ಅವಳದೇ. ಆಟಗಾರರು ದಣಿದು ಕೂತರೂ ಅವಳ ಮಾತು ಓಡುತ್ತಲೇ ಇರುತ್ತಿತ್ತು.

ಮನೆಗೆ ಬಂದರೂ ಅದು ನಿಲ್ಲುತ್ತಿರಲಿಲ್ಲ. ಗಂಡ ಗುರುಪಾದ ಗೂಡ್ಸ್ ಗಾಡಿಯ ಚಾಲಕ. ಬಯಲಿನಲ್ಲಿ ಗಾಡಿಗಳು ತಮ್ಮಷ್ಟಕ್ಕೆ ತಾವೇ ಓಡುವಂತಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಆದರೆ ಕ್ಯಾಸಲ್‌ರಾಕಿನಿಂದ ಕೆಳಗೆ ಘಟ್ಟ ಇಳಿಸುವುದಕ್ಕೆ ಮಾತ್ರ ಇನ್ನೂ ಮನುಷ್ಯರೇ ಬೇಕಾಗಿತ್ತು. ಆ ಕೆಲಸಕ್ಕೆ ಉಳಿದಿದ್ದ ಕೆಲವೇ ಮಂದಿಯಲ್ಲಿ ಗುರುಪಾದನೂ ಒಬ್ಬ. ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಚಹಾದ ಕಪ್ಪು ಹಿಡಿದು ಕೂತನೆಂದರೆ ಅವಳು ಶುರು ಮಾಡುವಳು. ಅವನು "ಹೂಂ" ಎನ್ನುವನು. ತುಂಬಾ ಹುಮ್ಮಸ್ಸು ಬಂದರೆ "ಹೌದೇನು?" ಎನ್ನುವನು. ಮಗಳು ಮದುವೆಯಾಗಿ ದಾವಣಗೆರೆಗೆ ಹೋದ ಮೇಲಂತೂ ಆ ಮನೆಯಲ್ಲಿ ಕೇಳುತ್ತಿದ್ದುದು ಒಂದೇ ದನಿ.

ಹಾಗಾಗಿ, ಕಸ್ತೂರಿಯ ಎಡಗಣ್ಣಿನ ಮೇಲಿನ ರೆಪ್ಪೆಯಲ್ಲಿ ಮೂರನೆಯ ಸಲ ಕುರು ಎದ್ದಾಗ ಗುರುಪಾದ ತಾನಾಗಿಯೇ ಬಾಯಿ ತೆರೆದದ್ದು ಅವಳಿಗೆ ವಿಚಿತ್ರವೆನಿಸಿತು.

"ದವಾಖಾನಿಗೆ ಹೋಗೂಣು."

"ಕುರುವಿಗೆ ಯಾರರೆ ದವಾಖಾನಿಗೆ ಹೋಗ್ತಾರೇನ್ರಿ? ಬಿಸಿ ಅರಿವಿ ಇಟ್ರ ಹೋಗತೈತಿ. ಹೋದ ಸಲನೂ ಹೋಗಿತ್ತಲ್ಲ, ಮಳಿಗಾಲದಾಗ—"

"ರೆಪ್ಪಿಗೂದಲಾ ಉದುರ್ಯಾವು. ನಾಳೆ ರಜಾ ಹಾಕೇನಿ."

ಕನ್ನಡಿಯ ಮುಂದೆ ನಿಂತು ನೋಡಿಕೊಂಡಳು. ನಿಜ. ಗಂಟು ಇದ್ದಲ್ಲಿ ಕೂದಲೇ ಇರಲಿಲ್ಲ. ದಿನಾ ಕಾಡಿಗೆ ಹಚ್ಚಿಕೊಳ್ಳುವ ತನಗೆ ಕಾಣದ್ದು, ತಲೆ ತಗ್ಗಿಸಿ ಚಹಾ ಕುಡಿಯುವ ಈ ಮನುಷ್ಯನಿಗೆ ಯಾವಾಗ ಕಂಡಿತು ಎಂದು ಅವಳಿಗೆ ಅರ್ಥವಾಗಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆಗೆ ಹೆಸರಾದವರು ಡಾ. ನಫೀಸಾ ಮುಲ್ಲಾ. ಗಣೇಶಪೇಟೆಯಲ್ಲೇ ಹುಟ್ಟಿ ಬೆಳೆದವರು, ನಿಧಾನ ಮಾತಿನವರು. ಗಂಟಿನ ಚೂರೊಂದನ್ನು ತೆಗೆದು ಪರೀಕ್ಷೆ ಮಾಡಿಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ಟೀಚರ್, ಇದು ಕುರು ಅಲ್ರಿ. ಕ್ಯಾನ್ಸರ್. ರೆಪ್ಪಿ ಒಳಗ ಎಣ್ಣಿ ಒಸರೂ ಸಣ್ಣ ಗ್ರಂಥಿ ಇರ್ತಾವ, ಅಲ್ಲಿ ಹುಟ್ಟೇತಿ. ಇದು ಕುರುವಿನ ವೇಷ ಹಾಕ್ಕೊಂಡು ಬರತೈತಿ, ಎಂಥಾವ್ರೂ ಮೋಸ ಹೋಗ್ತಾರ. ಪುಣ್ಯಾಕ ಕುತ್ತಿಗಿಗೆ ಇಳದಿಲ್ಲ. ಛಲೋ ಹೊತ್ತಿನ್ಯಾಗ ಬಂದೀರಿ."

ಕಸ್ತೂರಿ ಎಡಗಣ್ಣಿನ ಮೇಲೆ ಬೆರಳಿಟ್ಟುಕೊಂಡಳು. ತೀರ ಸಣ್ಣ ದನಿಯಲ್ಲಿ, "ಬಿಸಿಲಿಂದ ಏನ್ರಿ?" ಎಂದಳು.

"ಬಿಸಿಲ ಅಂತ ಖಚಿತ ಹೇಳಾಕ ಬರೂದಿಲ್ಲ. ಆದ್ರೂ ಇನ್ನ ಮ್ಯಾಲೆ ಟೊಪ್ಪಿಗಿ ಹಾಕ್ಕೋರಿ."

ರೆಪ್ಪೆಯನ್ನು ಪೂರ್ತಿ ತೆಗೆಯಬೇಕಿತ್ತು. ಹಿಂದೆ ಇಂಥವರಿಗೆ ಕೆಳಗಿನ ರೆಪ್ಪೆಯಿಂದ ತುಂಡು ಎರವಲು ತಂದು ಮೇಲೆ ಹೊಲಿಯುತ್ತಿದ್ದರು. ವಾರಗಟ್ಟಲೆ ಕಣ್ಣು ಮುಚ್ಚಿಟ್ಟು, ಆಮೇಲೆ ಕತ್ತರಿಸಿ ಬಿಡಿಸುತ್ತಿದ್ದರು. ಡಾಕ್ಟರು ಹೇಳಿದ ಹೊಸ ದಾರಿಯೇ ಬೇರೆ. ರೋಗಿಯ ಕೆನ್ನೆಯ ಒಳಪದರದಿಂದ ಅಕ್ಕಿಕಾಳಿನಷ್ಟು, ಕಿವಿಯ ಹಿಂದಿನ ಚರ್ಮದಿಂದ ಅಷ್ಟೇ, ಹುಬ್ಬಿನಿಂದ ಬೇರುಸಮೇತ ನಾಲ್ಕು ಕೂದಲು, ಒಂದೆಳೆ ಸ್ನಾಯು ತೆಗೆದು, ರೇಷ್ಮೆಯ ಸಾರದಿಂದ ಮಾಡಿದ ತೆಳು ಜಾಲರಿಯ ಮೇಲೆ ಬಿತ್ತುವುದು. ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಪೋಷಕ ನೀರು ಉಣಿಸಿದರೆ ಮೂರು ವಾರದಲ್ಲಿ ಅವರದೇ ರೆಪ್ಪೆ ಬೆಳೆದು ನಿಲ್ಲುತ್ತದೆ. ಆಸ್ಪತ್ರೆಯವರು ಅದನ್ನು ಸಸಿ ಎಂದು ಕರೆಯುತ್ತಿದ್ದರು.

"ಬೆಳಸೂದು ನಮಗ ಬರತೈತಿ," ಎಂದರು ಡಾಕ್ಟರು. "ನೆಡೂದೂ ಬರತೈತಿ. ಆದ್ರ ಹೊಸ ರೆಪ್ಪಿಗೆ ಬಡಿಯೂದು ಗೊತ್ತಿರೂದಿಲ್ಲ. ಅದನ್ನ ಕಲಸಬೇಕು. ಕೆಲವರದು ಕಲೀತು, ಕೆಲವರದು ಇಲ್ಲ. ರೆಪ್ಪಿ ಬಡೀಲಿಲ್ಲಂದ್ರ ಕಣ್ಣು ಒಣಗಿ ಪೊರಿ ಕಟ್ಟತೈತಿ. ಆವಾಗ ಕಣ್ಣು ಮುಚ್ಚಿ ಹೊಲಿಯೂದು ಬಿಟ್ರ ಬ್ಯಾರೆ ದಾರಿ ಇಲ್ಲ."

"ಕಲಸೂದು ನನ್ನ ಕೆಲಸನ ಐತ್ರಿ," ಎಂದಳು ಕಸ್ತೂರಿ. ದನಿ ಮರಳಿ ಬಂದಿತ್ತು. "ಎಡಗಾಲು ಬಲಗಾಲು ಗೊತ್ತಿಲ್ಲದ ಹುಡುಗೂರಿಗೆ ಮಾರ್ಚ್‌ಪಾಸ್ಟ್ ಕಲಿಸೇನಿ. ಒಂದು ರೆಪ್ಪಿ ಯಾವ ಲೆಕ್ಕ?"

ಕ್ಯಾನ್ಸರ್ ತೆಗೆಯುವ ದಿನ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಿತ್ತು. ಎಚ್ಚರವಿದ್ದರೆ ಕಸ್ತೂರಿ ಸುಮ್ಮನಿರುವುದುಂಟೇ? ಡಾಕ್ಟರು ಒಂದು ತೆಳುವಾದ ಪದರ ಕೊಯ್ಯುವರು. ಅದು ಪಕ್ಕದ ಕೋಣೆಯ ಸೂಕ್ಷ್ಮದರ್ಶಕದ ಕೆಳಗೆ ಹೋಗುವುದು. ಅಂಚಿನಲ್ಲಿ ಇನ್ನೂ ಕೆಟ್ಟ ಕೋಶ ಇದೆಯೆಂದು ಅಲ್ಲಿಂದ ಕೂಗು ಬಂದರೆ ಅಷ್ಟೇ ಜಾಗದಲ್ಲಿ ಇನ್ನೊಂದು ಪದರ. ಸುತ್ತಲಿನ ಒಳ್ಳೆಯ ಚರ್ಮ ಕೂದಲೆಳೆಯಷ್ಟೂ ಹೆಚ್ಚಿಗೆ ಹೋಗಬಾರದು, ಕೆಟ್ಟದ್ದು ಕೂದಲೆಳೆಯಷ್ಟೂ ಉಳಿಯಬಾರದು. ಈ ಕಾಯುವ ಹೊತ್ತಿನಲ್ಲೆಲ್ಲ ಅವಳು ಧಾರವಾಡದ ಮೇಲೆ ಗೆದ್ದ ಫೈನಲ್ ಮ್ಯಾಚನ್ನು ವಿವರಿಸಿದಳು.

"ಟೀಚರ್, ಕೆನ್ನಿ ಅಲ್ಲಾಡಾಕತ್ತೈತಿ. ಸ್ವಲ್ಪ ಸುಮ್ಮನಿರ್ರಿ."

"ಹೂಂ ರೀ. ಒಂದ ಮಾತು, ಆವಾಗ ಸ್ಕೋರ್ ಎಷ್ಟಿತ್ತಂದ್ರ—"

ನಾಲ್ಕನೆಯ ಪದರಕ್ಕೆ ಪಕ್ಕದ ಕೋಣೆಯಿಂದ "ಅಂಚು ಸ್ವಚ್ಛ ಐತ್ರಿ!" ಎಂಬ ಕೂಗು ಬಂತು. ನರ್ಸು ಚಪ್ಪಾಳೆ ತಟ್ಟಿದಳು. ಡಾ. ನಫೀಸಾ ಮಾಸ್ಕಿನ ಹಿಂದೆ ನಕ್ಕು, "ಮ್ಯಾಚ್ ಗೆದ್ರಿ. ಈಗ ಸ್ಕೋರ್ ಹೇಳ್ರಿ," ಎಂದರು.

ಸಸಿ ಬೆಳೆಯುವವರೆಗೆ ಎಡಗಣ್ಣಿನ ಮೇಲೆ ತೇವವನ್ನು ಹಿಡಿದಿಡುವ ಪಾರದರ್ಶಕ ಚಿಪ್ಪು ಕೂತಿತು. ಅದರೊಳಗಿಂದ ಎಲ್ಲವೂ ಕೆರೆಯ ತಳದಲ್ಲಿದ್ದಂತೆ ಕಾಣುತ್ತಿತ್ತು. ಎರಡನೆಯ ವಾರ ಪ್ರಯೋಗಾಲಯದ ಜೀವವಿಜ್ಞಾನಿ ತೇಜಪ್ಪ ದೊಡಮನಿ ಅವಳನ್ನು ಕರೆದೊಯ್ದು ಪೆಟ್ಟಿಗೆಯ ಗಾಜಿನಿಂದ ಒಳಗೆ ತೋರಿಸಿದ. ಗುಲಾಬಿಯ ಪಕಳೆಯಂಥದ್ದೊಂದು ತಿಳಿನೀರಿನಲ್ಲಿ ತೇಲುತ್ತಿತ್ತು. ಒಂದು ಅಂಚಿನಲ್ಲಿ ಆಗಷ್ಟೇ ಚಿಗುರಿದ ರೋಮ.

ಕಸ್ತೂರಿ ಬಹಳ ಹೊತ್ತು ಬಗ್ಗಿ ನೋಡಿದಳು. ಮಗಳು ಹುಟ್ಟಿದಾಗ ತೊಟ್ಟಿಲ ಮೇಲೆ ಬಗ್ಗಿದ್ದು ನೆನಪಾಯಿತು. ಗಾಜಿಗೆ ಬೆರಳು ತಟ್ಟಿ, "ಏ, ಲಗೂ ಬೆಳಿ. ಸಾಲಿ ಶುರು ಆಗೇತಿ," ಎಂದಳು. ಪಕ್ಕದಲ್ಲಿ ಗುರುಪಾದ ತುಟಿಯಲ್ಲೇ ನಕ್ಕ.

ನೆಟ್ಟ ರೆಪ್ಪೆ ಚೆನ್ನಾಗಿಯೇ ಹತ್ತಿಕೊಂಡಿತು. ರಕ್ತ ಹರಿದು ಬಣ್ಣ ಏರಿತು. ಹಳೆಯ ಸ್ನಾಯುವಿನ ಬುಡಕ್ಕೆ ಹೊಸದು ಕೂಡಿಕೊಂಡಿತು, ನರದ ಎಳೆಗಳು ಒಳಗಿಳಿದವು. ಪಾಠ ಶುರುವಾಯಿತು. ಮುಚ್ಚಿದ ಸದ್ದಿಲ್ಲದ ಕೋಣೆಯಲ್ಲಿ ಗದ್ದವನ್ನು ಪಟ್ಟಿಯೊಂದರ ಮೇಲೆ ಆನಿಸಿ ಕೂತರೆ, ಒಂದು ಸಣ್ಣ ಕೊಳವೆ ಕಣ್ಣಿಗೆ ಫುಸ್ ಎಂದು ಗಾಳಿ ಊದುವುದು. ಗಾಜಿನ ಆಚೆ ತೇಜಪ್ಪನ ಪರದೆಯಲ್ಲಿ ಎರಡು ಗೆರೆ ಓಡುವುವು. ಮೇಲಿನದು ಬಲಗಣ್ಣಿನದು, ಕೆಳಗಿನದು ಹೊಸ ರೆಪ್ಪೆಯದು. ಕೆಲವೇ ದಿನದಲ್ಲಿ ಗಾಳಿ ತಗುಲಿದೊಡನೆ ಹೊಸ ರೆಪ್ಪೆಯೂ ಮುಚ್ಚತೊಡಗಿತು. ಎಲ್ಲರೂ ಪೇಢೆ ಹಂಚಿಕೊಂಡು ತಿಂದರು.

ಆದರೆ ಗಾಳಿ ನಿಂತರೆ ರೆಪ್ಪೆಯೂ ನಿಲ್ಲುತ್ತಿತ್ತು. ನಾವು ನೀವು ಗೊತ್ತೇ ಆಗದಂತೆ ದಿನವಿಡೀ ಬಡಿಯುತ್ತಿರುತ್ತೇವಲ್ಲ, ಆ ಬಡಿತ ಬರಲಿಲ್ಲ. ವಾರದ ಮೇಲೆ ವಾರ ಕಳೆಯಿತು. ಕಣ್ಣಿಗೆ ಹನಿ ಬಿಟ್ಟು ಬಿಟ್ಟು ಗುರುಪಾದನ ಕೈ ಪಳಗಿತು. ಆದರೂ ಡಾಕ್ಟರು ದೀಪ ಹಿಡಿದು ನೋಡಿದಾಗ ಕಪ್ಪು ಗುಡ್ಡೆಯ ಕೆಳಭಾಗದಲ್ಲಿ ಉಸಿರು ತಾಗಿದ ಕನ್ನಡಿಯಂಥ ಮಸುಕು ಕಂಡಿತು.

"ದಸರಾ ತನಕ ನೋಡೂಣು," ಎಂದರು. ಆಮೇಲೆ ಕಣ್ಣು ಹೊಲಿಯುವುದೇ ಎಂದು ಕಸ್ತೂರಿಗೆ ಗೊತ್ತಿತ್ತು. ಆಟೋದಲ್ಲಿ ಬರುವಾಗ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗುಟ್ಟು ಬಯಲಾದದ್ದು ಒಂದು ಮಧ್ಯಾಹ್ನ. ಕಸ್ತೂರಿ ಎಂದಿನಂತೆ ಕೊಳವೆಯ ಮುಂದೆ ಕೂತಿದ್ದಳು. ಊದುವಿಕೆಯ ನಡುವೆ ತೇಜಪ್ಪನಿಗೆ ಶಾಲೆಯ ಸುದ್ದಿ ಹೇಳುತ್ತಿದ್ದಳು. ಗುರುಪಾದ ಡ್ಯೂಟಿಯಿಂದ ನೇರವಾಗಿ ಊಟದ ಡಬ್ಬಿ ಹಿಡಿದು ಬಂದ.

"ಯಾಕ ತಡಾ?"

"ಗಾಡಿ ತಡಾ ಆತು." ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹೆಂಡತಿಯ ಮುಖ ಬಾಡಿದ್ದು ಕಂಡೋ ಏನೋ, ಮುಂದುವರಿಸಿದ. "ಸುರಂಗದಾಗ ಕಾಡೆಮ್ಮಿ ಕರು ನಿಂತಿತ್ತು."

ಕಸ್ತೂರಿಯ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಅದರ ಹಿಂದ ಹಗೂರಕ ಬಂದ್ವಿ," ಎಂದು ಹೇಳಿ ಡಬ್ಬಿಯ ಮುಚ್ಚಳ ತೆರೆದ.

ಗಾಜಿನ ಆಚೆ ತೇಜಪ್ಪ ಕುರ್ಚಿ ಹಿಂದಕ್ಕೆ ದೂಡಿ ಎದ್ದು ನಿಂತ. ಕೆಳಗಿನ ಗೆರೆ ಎರಡು ಸಲ ನಡುಗಿತ್ತು. ಗಾಳಿ ಊದಿರಲಿಲ್ಲ. ಗುರುಪಾದ ಮಾತು ನಿಲ್ಲಿಸಿದ ಕ್ಷಣದಲ್ಲಿ, ಎರಡೂ ಸಲ.

ತೇಜಪ್ಪ ಓಡಿ ಹೋಗಿ ಡಾ. ನಫೀಸಾರನ್ನು ಕರೆತಂದ. ಹಳೆಯ ದಾಖಲೆಗಳನ್ನೆಲ್ಲ ತಿರುವಿ ನೋಡಿ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು.

"ಹಿಂಗ ನೋಡ್ರಿ," ಎಂದ ತೇಜಪ್ಪ. "ಮಾತಾಡೂ ಮುಂದ ನಮ್ಮ ರೆಪ್ಪಿ ಭಾಳ ಬಡಿತಾವ, ಆದ್ರ ಗದ್ದಲಾ ಗದ್ದಲಾ. ಹೊಸ ನರಕ್ಕ ಅದನ್ನ ಹಿಡಿಯಾಕ ಆಗವಲ್ದು. ಮನಸಿಟ್ಟು ಯಾರದರೆ ಮಾತು ಕೇಳೂ ಮುಂದ ಹಂಗಲ್ಲ. ಅವ್ರು ಎಲ್ಲಿ ನಿಲ್ಲಸ್ತಾರ, ಅಲ್ಲಿ ನಮ್ಮ ರೆಪ್ಪಿ ಒಂದ ಸಲ ಬಡೀತೈತಿ. ನಿಧಾನ, ಸ್ವಚ್ಛ. ಅದನ್ನ ಹೊಸ ರೆಪ್ಪಿ ಕಲೀಬಹುದು."

ಕಸ್ತೂರಿಗೆ ಥಟ್ಟನೆ ಹೊಳೆಯಿತು. ಓಡುತ್ತಿರುವವರ ನಡುವೆ ನಿಲ್ಲಿಸಿ ಯಾರಿಗೂ ಮಾರ್ಚ್ ಕಲಿಸಲಾಗುವುದಿಲ್ಲ.

"ಅಂದ್ರ ನಾ ಏನ್ ಮಾಡಬೇಕು?"

ಡಾ. ನಫೀಸಾ ನಗು ತಡೆದುಕೊಂಡರು. "ನೀವು ಸುಮ್ಮನ ಕುಂಡರಬೇಕು. ದಿನಾ ಸಂಜಿ, ಎದರಾ ಬದರಾ. ಸಾಹೇಬ್ರು ಮಾತಾಡಬೇಕು."

ಗುರುಪಾದನ ಮುಖದಲ್ಲಿ ರಕ್ತವೇ ಇರಲಿಲ್ಲ. ಘಟ್ಟದಲ್ಲಿ ಬ್ರೇಕು ಕೈಕೊಟ್ಟಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ. "ನಾನು?" ಎಂದ. "ನಾ ಏನ್ ಮಾತಾಡ್ಲಿ?"

ಮೊದಲ ಸಂಜೆ ಇಬ್ಬರೂ ಎದುರು ಬದುರು ಕುರ್ಚಿ ಹಾಕಿಕೊಂಡು ಕೂತರು. ತೇಜಪ್ಪ ಕೊಟ್ಟ, ಬಿಂದಿಯಷ್ಟೇ ಇರುವ ಯಂತ್ರ ಕಸ್ತೂರಿಯ ಹುಬ್ಬಿನ ಮೇಲೆ ಅಂಟಿಕೊಂಡು ಗೆರೆಗಳನ್ನು ಆಸ್ಪತ್ರೆಗೆ ಕಳಿಸುತ್ತಿತ್ತು. ಗುರುಪಾದ ಗಂಟಲು ಸರಿಮಾಡಿಕೊಂಡ. "ಇವತ್ತ ಹದಿನೆಂಟು ನಂಬರ್ ಗೂಡ್ಸ್ ಬಂತು." ಯೋಚಿಸಿದ. "ಹೋತು."

ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಬಂದಿತ್ತು, ಸಿಟ್ಟೂ ಬಂದಿತ್ತು. ಎರಡನೆಯ ಸಂಜೆ ಅವನು ಸಿಗ್ನಲ್ ನಿಯಮಗಳ ಪುಸ್ತಕ ತಂದು ಓದಿದ. ಹೊಸ ರೆಪ್ಪೆ ಅಲುಗಲಿಲ್ಲ. ಹಳೆಯದು ನಿದ್ದೆಗೆ ಇಳಿಯಿತು. ಮೂರನೆಯ ಸಂಜೆ ಪಕ್ಕದ ಮನೆಯ ಫಿಲೋಮಿನಾಬಾಯಿ ಗೋಡೆಯಾಚೆಯಿಂದ ಇಣುಕಿ, "ಅಣ್ಣಾರ, ಟೀಚರಿಗೆ ಆರಾಮಿಲ್ಲೇನ್ರಿ? ಮನ್ಯಾಗ ಸಪ್ಪಳನ ಇಲ್ಲಲ್ಲ," ಎಂದು ವಿಚಾರಿಸಿದಳು. ಕಸ್ತೂರಿ ಉತ್ತರಿಸಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಕೈಸನ್ನೆ ಮಾಡಿದಳು. ಫಿಲೋಮಿನಾಬಾಯಿ ಇನ್ನಷ್ಟು ಗಾಬರಿಯಾಗಿ ಸೂಪು ಮಾಡಿ ತಂದುಕೊಟ್ಟಳು.

ಸೂಪು ಕುಡಿಯುತ್ತ ಕಸ್ತೂರಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಆ ಕರುಂದು ಏನಾತ್ರಿ?"

ಗುರುಪಾದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಸುರಂಗದ ಬಾಯಾಗ ಕೆಂಪು ಸಿಗ್ನಲ್ ಇರಲಿಲ್ಲ," ಎಂದು ಶುರು ಮಾಡಿದ. "ಒಳಗ ಹೊಕ್ಕೆ. ಲೈಟಿನ್ಯಾಗ ಎರಡು ಕಣ್ಣು ಹೊಳದ್ವು. ನಿಲ್ಲಿಸಿದೆ. ಹಾರ್ನ್ ಹೊಡದ್ರ ಅದು ಗೋಡಿಗೆ ಬಡಕೊಂಡು ಸಾಯ್ತೈತಿ. ಲೈಟ್ ಸಣ್ಣ ಮಾಡಿದೆ. ಕರು ತಿರಿಗಿ ನಡೀತು. ನಾನೂ ಹಿಂದ ಬಿಟ್ಟೆ, ಮನುಷ್ಯಾ ನಡದಂಗ. ಹಿಂದ ಅಷ್ಟೂ ಡಬ್ಬಿ ತುಂಬ ಅದಿರು. ಕಂಟ್ರೋಲಿನವ್ರು ಒದರಾಕತ್ತಾರ, 'ಏನಾತು, ಯಾಕ ನಿಂತ್ರಿ?' ನಾ ಏನ್ ಹೇಳ್ಲಿ? 'ಮುಂದ ಒಂದು ಗಾಡಿ ಹೊಂಟೈತ್ರಿ' ಅಂದೆ."

ಕಸ್ತೂರಿ ಚಮಚ ಕೆಳಗಿಟ್ಟಳು. ಕೇಳಬೇಕಾದದ್ದು ನೂರಿತ್ತು. ತುಟಿ ಬಿಗಿ ಹಿಡಿದಳು.

"ಸುರಂಗದ ಆಚೆ ಅದರವ್ವ ನಿಂತಿತ್ತು," ಎಂದ ಗುರುಪಾದ.

ಹುಬ್ಬಿನ ಮೇಲಿನ ಯಂತ್ರ ಪಿಣ್ ಎಂದಿತು. ಆಸ್ಪತ್ರೆಯಲ್ಲಿ ತೇಜಪ್ಪನ ಪರದೆಯ ಕೆಳಗಿನ ಗೆರೆ ಮತ್ತೆ ನಡುಗಿತ್ತು.

ಅಲ್ಲಿಂದ ಗುರುಪಾದನಿಗೆ ದಾರಿ ಸಿಕ್ಕಿತು. ಮಂಜಿನಲ್ಲಿ ಕಳೆದುಹೋದ ಜಲಪಾತ, ಸಿಗ್ನಲ್ ಕಂಬದಲ್ಲಿ ಗೂಡು ಕಟ್ಟಿದ ಹಕ್ಕಿ ಹೆದರಬಾರದೆಂದು ಏಣಿ ಹತ್ತದೆ ಬಿದಿರುಕೋಲಿನಿಂದ ದೀಪ ಬದಲಿಸಿದ ಲೈನ್‌ಮನ್, ಕ್ಯಾಸಲ್‌ರಾಕಿನ ಕ್ಯಾಂಟೀನಿನಲ್ಲಿ ಬೆಕ್ಕೊಂದು ಅವನ ಡ್ಯೂಟಿಯ ದಿನ ಮಾತ್ರ ಬಂದು ಕೂರುವುದು. ಮೂವತ್ತು ವರ್ಷ ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತನ್ನೆದುರು "ಹೂಂ" ಎಂದುಕೊಂಡು ಕೂತಿದ್ದನಲ್ಲ ಎಂದು ಕಸ್ತೂರಿಗೆ ಬೆರಗು. ಸಂಜೆಯಾಗುವುದನ್ನು ಅವಳು ಕಾಯತೊಡಗಿದಳು. ನಡುಕ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಆದರೆ ರೆಪ್ಪೆ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ದಸರೆಯ ಬೊಂಬೆಗಳನ್ನು ಫಿಲೋಮಿನಾಬಾಯಿಯ ಎದುರುಮನೆಯವರು ಆಗಲೇ ಅಟ್ಟದಿಂದ ಇಳಿಸಿದ್ದರು.

ಅಂಥದೊಂದು ಸಂಜೆ ಅವನು ಬೆಕ್ಕಿನ ಕತೆಯನ್ನೇ ಎರಡನೆಯ ಸಲ ಹೇಳಿದ. ಕತೆ ತೀರಿತೇನೋ ಎಂದು ಅವಳು ಹೆದರಿದಳು.

"ಒಂದು ಉಳದೈತಿ," ಎಂದ. "ಹೇಳೇ ಇಲ್ಲ. ನಾ ಆವಾಗ ಅಸಿಸ್ಟೆಂಟ್. ಮದುವಿ ಆಗಿರಲಿಲ್ಲ. ಅಳ್ನಾವರದ ಹೊರಗ ಸಿಗ್ನಲ್ ಸಿಗದ್ದಕ್ಕ ಗಾಡಿ ನಿಂತಿತ್ತು. ಬಿಸಿಲು ಅಂದ್ರ ಬಿಸಿಲು. ಹಳಿ ಬಾಜೂಕ ಒಂದು ಮೈದಾನ. ಖೋ ಖೋ ನಡದಿತ್ತು. ಯಾರೋ ಒಂದು ಹುಡುಗಿ ಕಾಮೆಂಟ್ರಿ ಹೇಳಾಕತ್ತಿದ್ಲು."

ಕಸ್ತೂರಿ ಕುರ್ಚಿಯ ಅಂಚಿಗೆ ಸರಿದಳು. ಅಳ್ನಾವರ. ಕಾಲೇಜಿನ ಕೊನೆಯ ವರ್ಷ. ಹೇಳಬೇಕಾದವರಿಗೆ ಗಂಟಲು ಕಟ್ಟಿ, ಅವಳ ಕೈಗೆ ಮೊದಲ ಸಲ ಮೈಕು ಬಂದ ದಿನ.

"ಮಾರಿ ಕಾಣಲಿಲ್ಲ. ಬರೇ ದನಿ. ಸೋಲೂ ತಂಡಕ್ಕೂ ಹುರುಪು ಬರೂಹಂಗ ಹೇಳಾಕತ್ತಿದ್ಲು. ನಮ್ಮ ಡ್ರೈವರ್ ಸಾಹೇಬ್ರು ಸಿಗ್ನಲ್ಲಿಗೆ ಬೈಯಾಕತ್ತಿದ್ರು. ನಾ ಮನಸಿನ್ಯಾಗ ದೇವರಿಗೆ ಬೇಡಕೊಂಡೆ, ಸಿಗ್ನಲ್ ಹಸಿರಾಗೂದು ಬ್ಯಾಡ, ಮ್ಯಾಚ್ ಮುಗೀಲಿ ಅಂತ." ಅವನು ನೆಲ ನೋಡುತ್ತಿದ್ದ. "ಮುಂದಿನ ವಾರ ಸೋದರಮಾವನ್ನ ಅಳ್ನಾವರಕ್ಕ ಕಳಿಸಿದೆ. ದನಿ ಯಾರದು ಅಂತ ಕೇಳಿ ಬಾ ಅಂತ."

ಸೋದರಮಾವ! ಎಲ್ಲಿಂದಲೋ ಸಂಬಂಧ ಹುಡುಕಿಕೊಂಡು ಬಂದ ಆ ದಪ್ಪ ಮೀಸೆಯ ಮುದುಕ. ಇಷ್ಟು ವರ್ಷವೂ ಅದು ದೊಡ್ಡವರು ಕುದುರಿಸಿದ ಮದುವೆಯೆಂದೇ ಅವಳು ತಿಳಿದಿದ್ದಳು.

"ಮತ್ತ ಯಾಕ್ರಿ ಒಂದಿನಾನೂ—" ನಿಯಮ ಮುರಿದು ಅವಳ ಬಾಯಿಂದ ಮಾತು ಬಿತ್ತು.

ಗುರುಪಾದ ತಲೆ ಎತ್ತಿದ. "ನಿನ್ನ ದನಿ ಕೇಳಾಕಂತ ಮದುವ್ಯಾಗೇನಿ. ನಡುವ ನಾ ಯಾಕ ಮಾತಾಡ್ಲಿ?"

ಅಷ್ಟು ಹೇಳಿ ಅವನು ನಿಲ್ಲಿಸಿದ. ಕಸ್ತೂರಿಯ ಎರಡೂ ರೆಪ್ಪೆಗಳು ಕೆಳಗಿಳಿದು, ಮುಚ್ಚಿ, ತೆರೆದವು. ಎರಡೂ ಕಣ್ಣಿಂದ ನೀರು ಹರಿಯಿತು. ರೆಪ್ಪೆ ಬಡಿದದ್ದು ಅವಳಿಗೆ ಗೊತ್ತಾಗಲಿಲ್ಲ, ಅವನಿಗೆ ಕಂಡಿತು. ಕುರ್ಚಿಯಿಂದ ಎದ್ದೇಬಿಟ್ಟ.

"ಕಸ್ತೂರಿ, ಬಡೀತು! ಪೂರ್ತಿ ಬಡೀತು!"

"ಎದ್ದು ಕುಣೀಬ್ಯಾಡ್ರಿ, ಕುಂಡರ್ರಿ!" ಎಂದು ಅವಳು ಮೈದಾನದ ದನಿಯಲ್ಲಿ ಕೂಗಿದಳು. "ಮುಂದ ಹೇಳ್ರಿ! ನಿಲ್ಲಸಬ್ಯಾಡ್ರಿ!"

ಗೋಡೆಯಾಚೆ ಫಿಲೋಮಿನಾಬಾಯಿ, "ದೇವರು ದೊಡ್ಡಾಂವ, ಟೀಚರಿಗೆ ಆರಾಮಾತು," ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ದಸರೆಯ ಹೊತ್ತಿಗೆ ಕಣ್ಣಿನ ಮಸುಕು ಕರಗಿತ್ತು. ಪರೀಕ್ಷೆಯಲ್ಲಿ ಕ್ಯಾನ್ಸರಿನ ಸುಳಿವೂ ಇರಲಿಲ್ಲ; ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಬೇಕು, ಅಷ್ಟೇ. ಒಂದೇ ಒಂದು ಊನ ಉಳಿಯಿತು. ಹೊಸ ರೆಪ್ಪೆ ಬಲಗಡೆಯದಕ್ಕಿಂತ ಒಂದು ಚೂರು ತಡವಾಗಿ ಬಡಿಯುತ್ತಿತ್ತು. ನೋಡಿದವರಿಗೆ ಟೀಚರು ಕಣ್ಣು ಹೊಡೆದಂತೆಯೇ ಕಾಣುತ್ತಿತ್ತು. ಅವಳು ಶಾಲೆಗೆ ಮರಳಿದ ಮೊದಲ ದಿನ ಹೆಡ್‌ಮಾಸ್ತರರು ಸ್ವಾಗತ ಭಾಷಣದ ನಡುವೆ ತಡವರಿಸಿ ನೀರು ಕುಡಿದರು. ತರಕಾರಿಯವನು ತೂಕ ಮುಗಿಸಿ ಮೇಲೊಂದು ಹಿಡಿ ಕೊತ್ತಂಬರಿ ಹಾಕಿದ.

"ಒಂದು ಸಣ್ಣ ಹೊಲಿಗಿ ಹಾಕಿದ್ರ ಸರಿ ಆಗತೈತಿ," ಎಂದರು ಡಾ. ನಫೀಸಾ.

"ಏನ್ ಬ್ಯಾಡ್ರಿ ಡಾಕ್ಟರ್," ಎಂದಳು ಕಸ್ತೂರಿ. "ಅದು ನಮ್ಮ ಮನಿಯವ್ರ ಹತ್ರ ಕಲತೈತಿ. ಅವರಂಗ ನಿಧಾನ. ಇರ್ಲಿ ಬಿಡ್ರಿ."

ಹಬ್ಬ ಮುಗಿದ ಮೇಲೆ ಗುರುಪಾದ ಮತ್ತೆ ಡ್ಯೂಟಿಗೆ ಹೊರಟ ಬೆಳಿಗ್ಗೆ ಅವಳೂ ಸ್ಟೇಷನ್ನಿಗೆ ಬಂದಳು, ಹಿಂದೆಂದೂ ಬಂದವಳಲ್ಲ. ಎಂಜಿನ್ನಿನ ಮೆಟ್ಟಿಲ ಬಳಿ ಸಹಚಾಲಕ, ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಇನ್ನೂ ನಾಲ್ಕಾರು ಜನ ನಿಂತಿದ್ದರು. ಗುರುಪಾದ ಬ್ಯಾಗು ಮೇಲಿಟ್ಟು ತಿರುಗಿದಾಗ ಅವಳ ಎಡಗಣ್ಣು ಮುಚ್ಚಿ ತೆರೆಯಿತು. ಸಹಚಾಲಕ ಕಿಸಕ್ಕನೆ ನಕ್ಕ.

ಗುರುಪಾದನ ಕಿವಿ ಕೆಂಪಾಯಿತು. "ಅದು ಆಪರೇಷನ್ದು," ಎಂದು ಎಲ್ಲರಿಗೂ ಕೇಳುವಂತೆ ವಿವರಿಸಿದ. "ರೆಪ್ಪಿ ಸ್ವಲ್ಪ ತಡಾ ಬಡೀತೈತಿ."

"ಇದು ರೆಪ್ಪಿ ಮಾಡಿದ್ದಲ್ರಿ," ಎಂದಳು ಕಸ್ತೂರಿ, ಪ್ಲಾಟ್‌ಫಾರಂ ಪೂರ್ತಿ ಕೇಳುವಂತೆ. "ನಾ ಮಾಡಿದ್ದು!"

ಅವನು ಗಡಿಬಿಡಿಯಿಂದ ಹತ್ತಿ ಒಳಗೆ ಹೋದ. ಸಿಗ್ನಲ್ ಬಿತ್ತು. ಗಾಡಿ ಅಲುಗಿತು. ಆಗ ಕಿಟಕಿಯಿಂದ ಅವನ ತಲೆ ಹೊರಬಂತು. ಅವಳತ್ತ ನೋಡಿ, ಬಹಳ ಕಷ್ಟಪಟ್ಟು, ಹುಬ್ಬು ಗಂಟಿಕ್ಕಿ, ಕೆನ್ನೆ ಒಂದು ಕಡೆ ಎಳೆದು ಕಣ್ಣು ಹೊಡೆಯಲು ನೋಡಿದ. ಜನ್ಮದಲ್ಲಿ ಮಾಡಿದವನಲ್ಲ. ಎರಡು ಕಣ್ಣೂ ಒಟ್ಟಿಗೇ ಮುಚ್ಚಿಕೊಂಡವು.